ಹಳೆ ಕಚೇರಿ ಗ್ಯಾಲರಿ ಆಗಬೇಕು, ಆದರೆ ಗೋಡೆಯೆಲ್ಲ ತೇವ. ಏನು ಮಾಡೋದು?

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕು ಕೇಂದ್ರ. ಇಲ್ಲಿನ ಹಳೆ ತಾಲ್ಲೂಕು ಕಚೇರಿ ಮಹಾರಾಜರ ಕಾಲದ್ದು. ಮಿನಿ ವಿಧಾನಸೌಧ ಕಟ್ಟಿದ ಮೇಲೆ ಅದಕ್ಕೆ ಬೀಗ ಬಿತ್ತು. ಹಾಳು ಬೀಳುವ ಬದಲು ಚಿತ್ರಶಾಲೆ ಮಾಡಿ ಅಂತ ನಾವು ಕೆಲವರು ಓಡಾಡಿದೆವು, ಈಗ ಅನುದಾನ ಬಂದಿದೆ. ಆದರೆ ಎಸ್ಟಿಮೇಟ್ ನೋಡಿ ಭಯವಾಗಿದೆ. ಹಳೆ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್, ಒಳಗೆ ಜಿಪ್ಸಮ್ ಬೋರ್ಡ್, ಫಾಲ್ಸ್ ಸೀಲಿಂಗ್, ಎಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮಧ್ಯದ ಎರಡು ಗೋಡೆ ಒಡೆದು ದೊಡ್ಡ ಹಾಲ್ ಮಾಡುತ್ತಾರಂತೆ. ಮಹಡಿಯ ರೆಕಾರ್ಡ್ ರೂಮಿನಲ್ಲಿ ಶಿಲ್ಪಗಳಂತೆ. ಒಳಗೋಡೆಗಳಲ್ಲಿ ಮೂರು ಅಡಿವರೆಗೆ ತೇವ ಇದೆ, ಬಿಳಿ ಪುಡಿ ಉದುರುತ್ತದೆ. 'ಗಾರೆ ಗಟ್ಟಿಯಲ್ಲ, ಈಗ ಮಾಡುವವರೂ ಇಲ್ಲ' ಅಂತಾರೆ ಎಂಜಿನಿಯರ್. ಇನ್ನು ಕೆಲವರು ಕೆಡವಿ ಹೊಸದು ಕಟ್ಟಿ ಅಂತಾರೆ. ಇಂಥ ಗೋಡೆಗೆ ಚಿತ್ರ ತೂಗುಹಾಕಬಹುದೇ? ಎಸಿ ಇಲ್ಲದೆ ಗ್ಯಾಲರಿ ಆಗುತ್ತದೆಯೇ? ನಾನು ಚಿಕ್ಕವನಿದ್ದಾಗ ಐದು ಮೆಟ್ಟಿಲು ಹತ್ತಿ ಜಗಲಿಗೆ ಹೋಗುತ್ತಿದ್ದೆವು, ಈಗ ಮೂರೇ ಇವೆ. ಕಟ್ಟಡವೇ ಕುಸಿಯುತ್ತಿದೆಯಾ ಅಂತಲೂ ಅನುಮಾನ.

ಉತ್ತರ: ಮೇಷ್ಟ್ರೇ, ಕೊನೇ ಎರಡು ಸಾಲು ನೀವು ಸುಮ್ನೆ ಬರೆದಿರಬಹುದು. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಅದೇ.

ಎರಡು ಅಡಿ ದಪ್ಪದ ಗೋಡೆ ಇರುವ ಕಟ್ಟಡ ಬಿರುಕು ಬಿಡದೆ, ಒಂದು ಕಡೆಗೂ ವಾಲದೆ, ಒಂದೇ ಸಮನಾಗಿ ಎರಡು ಮೆಟ್ಟಿಲಷ್ಟು ಕೆಳಗಿಳಿಯುವುದಿಲ್ಲ. ಮೇಲೆ ಬಂದಿರುವುದು ನೆಲ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೀಳದೆ ಅದರ ಮೇಲೇ ಹಾಕುತ್ತಾರೆ. ಆಮೇಲೆ ಕಾಂಪೌಂಡಿನೊಳಗೆ ನೀರು ನಿಲ್ಲುತ್ತದೆ ಅಂತ ಮಣ್ಣು ತುಂಬಿಸುತ್ತಾರೆ. ಅದರ ಮೇಲೆ ಇಂಟರ್‌ಲಾಕ್ ಕಲ್ಲು. ಐವತ್ತು ಅರವತ್ತು ವರ್ಷದಲ್ಲಿ ಒಂದು ಅಡಿ ಏರುವುದು ಏನೂ ದೊಡ್ಡದಲ್ಲ. ನಿಮ್ಮ ಎರಡು ಮೆಟ್ಟಿಲು ಅಲ್ಲೇ ಮಣ್ಣಿನಡಿ ಇವೆ.

ಮೆಟ್ಟಿಲಿನ ಜೊತೆ ಕಲ್ಲಿನ ತಳಪಾಯದ ಒಂದು ಭಾಗವೂ ಹೂತುಹೋಗಿದೆ. ಮೈಸೂರು ಸೀಮೆಯ ಹಳೆ ಸರ್ಕಾರಿ ಕಟ್ಟಡಗಳಲ್ಲಿ ನೆಲದಿಂದ ಎರಡು ಮೂರು ಅಡಿ ಕಲ್ಲು ಕಟ್ಟಿ, ಆಮೇಲೆ ಇಟ್ಟಿಗೆ ಶುರು ಮಾಡುತ್ತಿದ್ದರು. ಗ್ರಾನೈಟು ನೀರು ಹೀರುವುದು ಬಹಳ ಕಡಿಮೆ. ಇಟ್ಟಿಗೆ ಹಾಗಲ್ಲ, ಸಕ್ಕರೆ ಅಚ್ಚಿನ ತುದಿಯನ್ನು ಕಾಫಿಗೆ ತಾಗಿಸಿದ ಹಾಗೆ ನೀರನ್ನು ಮೇಲಕ್ಕೆಳೆಯುತ್ತದೆ. ಈಗ ಒದ್ದೆ ಮಣ್ಣು ಇಟ್ಟಿಗೆಗೆ ಮೊದಲಿಗಿಂತ ಹತ್ತಿರ ಬಂದಿದೆ. ಒಳಗಿನ ಮೂರು ಅಡಿ ತೇವಕ್ಕೆ ಕಾರಣ ಬಹುಪಾಲು ಇದೇ ಇರಬೇಕು. ಬಿಳಿ ಪುಡಿ ನೀರು ಹೊತ್ತು ತಂದ ಉಪ್ಪು. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆಯುವಾಗ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಅದಕ್ಕೇ ಉದುರುವುದು. ಗಾರೆ ಕೆಟ್ಟದ್ದು ಅಂತಲ್ಲ.

ಹಾಗಾದರೆ ಸಿಮೆಂಟು ಬಳಿದರೆ ನೀರು ನಿಲ್ಲುವುದಿಲ್ಲವೇ? ಇಲ್ಲ. ನಾನೂ ಒಮ್ಮೆ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕರಾವಳಿಯ ಒಂದು ಹಳೆ ಸರ್ಕಾರಿ ಬಂಗಲೆ ನನ್ನ ಕೈಗೆ ಬಂತು. ನಾಲ್ಕು ಅಡಿ ತೇವ ಇತ್ತು. ಐದು ಅಡಿವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಒಳ್ಳೆ ಪೇಂಟ್ ಹೊಡೆಸಿ, ಬಿಲ್ಲಿಗೆ ಸಹಿ ಹಾಕಿದೆ. ಎರಡು ಮಳೆಗಾಲ ಕಳೆದು ಹೋದಾಗ ತೇವ ಏಳು ಅಡಿಗೆ ಏರಿತ್ತು. ಕಣ್ಣಿನ ಎತ್ತರದಲ್ಲಿ ಪೇಂಟು ದೋಸೆ ಮೇಲಿನ ಗುಳ್ಳೆಯ ಹಾಗೆ ಉಬ್ಬಿತ್ತು. ಒಂದನ್ನು ಪೆನ್ನಿನಿಂದ ಚುಚ್ಚಿದೆ, ಅಂಗಿ ತೋಳಿನ ತನಕ ನೀರು ಇಳಿಯಿತು. ಗೋಡೆಗೆ ಬರುವ ನೀರನ್ನು ನಾನು ತಡೆದಿರಲಿಲ್ಲ. ಅದು ಹೊರಗೆ ಹೋಗುವ ದಾರಿಯನ್ನಷ್ಟೇ ಮುಚ್ಚಿದ್ದೆ. ಅದು ಇನ್ನೂ ಮೇಲೆ ಹೋಗಿ ದಾರಿ ಹುಡುಕಿಕೊಂಡಿತ್ತು.

ಹಳೆ ಗೋಡೆ ಮಳೆಗಾಲದಲ್ಲಿ ಸ್ವಲ್ಪ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದನ್ನು ಕಟ್ಟಿದ್ದೇ ಆ ಲೆಕ್ಕದಲ್ಲಿ. ಸುಣ್ಣದ ಗಾರೆ, ಸುಣ್ಣದ ಬಣ್ಣ ಇದಕ್ಕೆ ಹೊಂದುತ್ತವೆ. ಸಿಮೆಂಟು ಗಟ್ಟಿ ನಿಜ, ಆದರೆ ಇಲ್ಲಿ ಬೇಕಾದ್ದು ಗಟ್ಟಿತನ ಅಲ್ಲ. ಇಟ್ಟಿಗೆಗಿಂತ ಪ್ಲಾಸ್ಟರ್ ಮೆತ್ತಗಿರಬೇಕು. ಆಗ ಸವೆದರೂ ಪ್ಲಾಸ್ಟರ್ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಸಿಮೆಂಟು ಹಾಕಿದ ಕಡೆ ಇದು ತಲೆಕೆಳಗಾಗುತ್ತದೆ. ಪ್ಲಾಸ್ಟರ್ ಹಲಗೆಯ ಹಾಗೆ ನಿಂತಿರುತ್ತದೆ, ಹಿಂದೆ ಇಟ್ಟಿಗೆ ಪುಡಿಯಾಗಿರುತ್ತದೆ.

ಗಾರೆ ಮಾಡುವವರು ಇಲ್ಲ ಅನ್ನುವುದು ಅರ್ಧ ಸತ್ಯ. ಕಡಿಮೆ ಇದ್ದಾರೆ, ಇಲ್ಲವೇ ಇಲ್ಲ ಅಂತಲ್ಲ. ಹಳೆ ದೇವಸ್ಥಾನ, ಅರಮನೆ, ಚರ್ಚುಗಳ ರಿಪೇರಿ ನಡೆದ ಕಡೆ ವಿಚಾರಿಸಿದರೆ ಸಿಗುತ್ತಾರೆ. ಸುಣ್ಣವನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ನೆನೆಹಾಕಿ, ಒಂದು ಪಾಲಿಗೆ ಎರಡರಿಂದ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಅರೆಯುತ್ತಾರೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸುವವರೂ ಇದ್ದಾರೆ. ತೆಳುವಾಗಿ ಒಂದೊಂದೇ ಪದರ. ಒಂದು ಬಿಗಿದ ಮೇಲೆ ಇನ್ನೊಂದು. ನಡುವೆ ಗೋಣಿತಾಟು ನೆನೆಸಿ ಹೊದಿಸಬೇಕು. ನಿಜವಾದ ತೊಂದರೆ ಇಲ್ಲಿದೆ. ಇದಕ್ಕೆ ಸಮಯ ಬೇಕು, ಆದರೆ ಮಾರ್ಚ್ ಕೊನೆಯೊಳಗೆ ಬಿಲ್ ಆಗಬೇಕು ಅಂತ ಎಲ್ಲರಿಗೂ ಅವಸರ. ಗಾರೆ ಕೆಲಸದ ರೇಟನ್ನು ಎಸ್ಟಿಮೇಟಿನಲ್ಲಿ ಎಲ್ಲಿ ಕೂರಿಸುವುದು ಅನ್ನುವ ತಲೆನೋವೂ ಎಂಜಿನಿಯರ್‌ಗೆ ಇರುತ್ತದೆ, ಅವರನ್ನು ಸುಮ್ನೆ ಬೈಯಬೇಡಿ. ಟೆಂಡರಿನಲ್ಲಿ ಕಡಿಮೆ ಕೂಗಿದವನಿಗೆ ಕೆಲಸ ಅಂತಾದರೆ ಗಾರೆ ಬಲ್ಲವನು ಬರುವುದೇ ಇಲ್ಲ. 'ಇಂಥ ಕೆಲಸ ಮುಂಚೆ ಮಾಡಿರಬೇಕು' ಎಂಬ ಷರತ್ತನ್ನು ಟೆಂಡರಿನಲ್ಲಿ ಮೊದಲೇ ಸೇರಿಸಲು ಕೇಳಿ.

ಕೆಲಸದ ಕ್ರಮವನ್ನು ನಾನಾದರೆ ತಿರುಗಿಸಿಬಿಡುತ್ತೇನೆ. ಮೊದಲ ಹಣ ಹೊರಗಿನ ಮಣ್ಣಿಗೆ. ಗೋಡೆ ಸುತ್ತ ಹಳೆ ಮಟ್ಟಕ್ಕೆ ಅಗೆದು, ಕಲ್ಲು ಕಾಣುವ ಹಾಗೆ ಮಾಡಿ, ನೀರು ಹರಿದುಹೋಗಲು ಇಳಿಜಾರು ಚರಂಡಿ ಮಾಡಬೇಕು. ಅಗೆಯುವುದು ಒಂದೇ ಸಲ ಸುತ್ತಲೂ ಬೇಡ, ತುಂಡು ತುಂಡಾಗಿ, ಮಳೆಗಾಲ ಬಿಟ್ಟು. ಪಾಯದ ಬುಡಕ್ಕಿಂತ ಕೆಳಗೆ ಗುದ್ದಲಿ ಹೋಗಬಾರದು. ಎರಡನೇ ಹಣ ಮಾಡಿಗೆ, ಅಂದರೆ ಚಾವಣಿಗೆ. ಮೂರನೆಯದು ಕಾಯುವುದಕ್ಕೆ, ಅದಕ್ಕೆ ಹಣ ಬೇಡ. ಒದ್ದೆ ಗೋಡೆ ಒಂದು ಇಂಚು ಆರಲು ಸುಮಾರು ಒಂದು ತಿಂಗಳು ಅನ್ನುವುದು ನಮ್ಮ ಕಸುಬಿನ ವಾಡಿಕೆ ಲೆಕ್ಕ. ಎರಡು ಅಡಿ ಗೋಡೆ ಎರಡೂ ಕಡೆಯಿಂದ ಆರಿದರೂ ವರ್ಷ ಬೇಕು. ಆರುವ ಮುಂಚೆ ಬಣ್ಣ ಬಳಿದು ಉದ್ಘಾಟನೆ ಮಾಡಿದರೆ ಮೊದಲ ಪ್ರದರ್ಶನ ಬೂಷ್ಟಿನದ್ದೇ.

ಮಾಡಿನ ಬಗ್ಗೆ ನೀವು ಬರೆದಿಲ್ಲ. ಆ ಕಾಲದ ಕಚೇರಿ ಅಂದರೆ ಜಗಲಿಗೆ ಮಂಗಳೂರು ಹೆಂಚು, ನಡುಮನೆಗೆ ಮದ್ರಾಸ್ ತಾರಸಿ ಇರುವುದೇ ಜಾಸ್ತಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ ಬಡಿದು ಮಾಡುವ ತಾರಸಿ ಅದು. ಸೋರಿದಾಗಲೆಲ್ಲ ಯಾರೋ ಬಂದು ಮೇಲೊಂದು ಸಿಮೆಂಟ್ ಪದರ ಹಾಕಿ ಹೋಗಿರುತ್ತಾರೆ. ಎರಡು ಇಂಚು ಕಾಂಕ್ರೀಟ್ ಅಂದರೆ ಚದರ ಮೀಟರಿಗೆ ಸುಮಾರು 120 ಕೆಜಿ. ಎರಡು ಸಲ ಹಾಕಿದ್ದರೆ ಪ್ರತಿ ಚದರ ಮೀಟರಿನ ಮೇಲೆ ಮೂರು ನಾಲ್ಕು ಜನ ವರ್ಷಗಟ್ಟಲೆ ಕೆಳಗಿಳಿಯದೆ ನಿಂತ ಹಾಗೆ. ತೊಲೆ ಮಧ್ಯದಲ್ಲಿ ಕೆಡುವುದಕ್ಕಿಂತ ಗೋಡೆಯೊಳಗೆ ಹೊಕ್ಕಿರುವ ತುದಿಯಲ್ಲಿ ಕೆಡುವುದು ಜಾಸ್ತಿ, ಅಲ್ಲಿ ಗಾಳಿ ಆಡುವುದಿಲ್ಲ. ಬಡಗಿಯೊಬ್ಬನನ್ನು ಏಣಿ ಹತ್ತಿಸಿ ಪ್ರತಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿಸಿ. ಟಣ್ ಅಂದರೆ ಸರಿ. ಬೆಣ್ಣೆಗೆ ಹೋದ ಹಾಗೆ ಹೋದರೆ ಅಲ್ಲಿಗೆ ಆಸರೆ ಕೊಡಬೇಕು. ಫಾಲ್ಸ್ ಸೀಲಿಂಗ್ ಬೇಡ ಅನ್ನಲು ನನ್ನ ಮೊದಲ ಕಾರಣವೇ ಇದು. ಅದು ಬಂದರೆ ಗೆದ್ದಲು, ಸೋರಿಕೆ, ಕರಗಿದ ವೈರು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಸೀಲಿಂಗ್ ಕೆಳಗೆ ಬಿದ್ದಾಗಲೇ ತಿಳಿಯುವುದು.

ತಾರಸಿಯ ಗೋಡೆಯಲ್ಲಿ ಅರಳಿ ಗಿಡ ಇದ್ದರೆ ಹಿಡಿದು ಎಳೆಯಬೇಡಿ, ಗಿಡದ ಜೊತೆ ಮೂರು ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರಿಗೆ ಔಷಧಿ ಹಾಕಿ ಸಾಯಿಸಿ, ಬಿರುಕಿಗೆ ಗಾರೆ ತುಂಬಿಸಿ.

ಈಗ ಗ್ಯಾಲರಿ ಮಾತಿಗೆ ಬರೋಣ. ಚಿತ್ರಶಾಲೆ ಅಂದರೆ ಬಿಳಿ ಗೋಡೆ, ತಣ್ಣನೆ ಗಾಳಿ, ಮುಚ್ಚಿದ ಕಿಟಕಿ ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮೈಸೂರಿನ ಜಗನ್ಮೋಹನ ಅರಮನೆ 1861ರದ್ದು, ಅಲ್ಲಿ 1915ರಲ್ಲೇ ಚಿತ್ರಶಾಲೆ ಶುರುವಾಯಿತು. ಆಗ ಎಸಿ ಎಲ್ಲಿತ್ತು? ಕೊಚ್ಚಿಯಲ್ಲಿ 2012ರಲ್ಲಿ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನ ಶುರುವಾದದ್ದು ಸಮುದ್ರದ ಪಕ್ಕದ ಹಳೆ ವ್ಯಾಪಾರಿ ಗೋದಾಮುಗಳಲ್ಲಿ. ಸುಣ್ಣ ಮಾಸಿದ ಗೋಡೆಗಳ ನಡುವೆಯೇ ಜನ ಮುಗಿಬಿದ್ದು ನೋಡಿದರು. ಹಾಗಂತ ಎಲ್ಲ ಚಿತ್ರಕ್ಕೂ ಎಲ್ಲ ಜಾಗ ಒಗ್ಗುತ್ತದೆ ಅಂತಲ್ಲ. ಮೊದಲು ತೀರ್ಮಾನವಾಗಬೇಕಾದ್ದು ಒಂದೇ: ನಿಮ್ಮ ಊರಿಗೆ ಎಂಥ ಗ್ಯಾಲರಿ ಬೇಕು? ಈಗಿನ ಕಲಾವಿದರ ಕೆಲಸ, ಮಕ್ಕಳ ಚಿತ್ರ, ಹದಿನೈದು ದಿನಕ್ಕೊಮ್ಮೆ ಬದಲಾಗುವ ಪ್ರದರ್ಶನವೇ? ಅಥವಾ ಬೆಲೆಬಾಳುವ ಹಳೆ ಚಿತ್ರಗಳನ್ನು ಶಾಶ್ವತವಾಗಿ ಕಾಪಾಡುವ ಸಂಗ್ರಹವೇ? ಮೊದಲನೆಯದಕ್ಕೆ ನಿಮ್ಮ ಕಚೇರಿ ಈಗಿನ ಗೋಡೆ ಕಿಟಕಿಯಲ್ಲೇ ಸಾಕು. ಎರಡನೆಯದಕ್ಕೆ ಬೇರೆ ಏರ್ಪಾಡೇ ಬೇಕು. ಎಸ್ಟಿಮೇಟ್ ಮಾಡಿದವರು ಈ ಪ್ರಶ್ನೆ ಕೇಳಿದ ಹಾಗೆ ಕಾಣುವುದಿಲ್ಲ.

ಎಸಿ ಬಗ್ಗೆ ಜನಕ್ಕೆ ಗೊತ್ತಿರದ ಒಂದು ಸಂಗತಿ. ಚಿತ್ರಕ್ಕೆ ಸೆಕೆಗಿಂತ ದೊಡ್ಡ ಶತ್ರು ಏರಿಳಿತ. ಇಡೀ ದಿನ, ಇಡೀ ವರ್ಷ ಒಂದೇ ಸಮ ನಡೆಯುವ ಎಸಿ ಒಳ್ಳೆಯದೇ. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸುವ ಎಸಿ ಇದೆಯಲ್ಲ, ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹಗಲು ಕಾಗದ, ಬಟ್ಟೆ ಒಣಗಿ ಬಿಗಿಯುತ್ತವೆ. ಸಂಜೆ ನಿಮ್ಮ ಜುಲೈ ತಿಂಗಳ ಒದ್ದೆ ಗಾಳಿ ಒಳಗೆ ನುಗ್ಗಿ ತಣ್ಣಗಿರುವ ಗಾಜಿನ ಮೇಲೆ, ಗೋಡೆಯ ಮೇಲೆ ಹನಿಗಟ್ಟುತ್ತದೆ. ಬೆಳಿಗ್ಗೆ ಮತ್ತೆ ಒಣಗು. ಕ್ಯಾನ್ವಾಸಿನ ಬಣ್ಣ ಬಿರುಕು ಬಿಡುವುದು ಹೀಗೆ. ಗೋಡೆಯೊಳಗಿನ ಉಪ್ಪಿಗೂ ಇದೇ ಬೇಕು, ಒಣಗಿಸಿದಷ್ಟೂ ಬೇಗ ಹೊರಗೆ ಬರುತ್ತದೆ. ದಿನದ 24 ಗಂಟೆ ನಡೆಸಲು ಕರೆಂಟ್ ಬಿಲ್ ಕಟ್ಟುವವರು ಯಾರು ಅಂತ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ.

ಬೆಂಕಿಯ ಭಯವೂ ಉಂಟು. ಬ್ರೆಜಿಲ್‌ನ ರಿಯೊ ನಗರದಲ್ಲಿ ರಾಷ್ಟ್ರೀಯ ಮ್ಯೂಸಿಯಂ ಇದ್ದದ್ದು ಹಳೆ ಅರಮನೆಯಲ್ಲಿ. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಸುಟ್ಟುಹೋಯಿತು. ಬೆಂಕಿ ಹೊತ್ತಿದ್ದು ಕೆಳಗಿನ ಸಭಾಂಗಣದ ಎಸಿ ಯಂತ್ರದಿಂದ ಅಂತ ಪೊಲೀಸ್ ತನಿಖೆ ಹೇಳಿತು. ಹಳೆ ಮರ, ಹಳೆ ವೈರಿಂಗ್, ಹೊಸ ಲೋಡು ಮೂರೂ ಒಂದೆಡೆ ಸೇರಬಾರದು. ನಿಮ್ಮ ಎಸ್ಟಿಮೇಟಿನಲ್ಲಿ ಪೂರ್ತಿ ಹೊಸ ವೈರಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಟೈಲ್ಸಿನ ಹಣ ಅಲ್ಲಿಗೆ ಹೋಗಲಿ. ಹಳೆ ನೆಲಕ್ಕೆ ಗಾಳಿಯಾಡದ ಟೈಲ್ಸ್ ಬಡಿದರೆ ಕೆಳಗಿನ ತೇವವೂ ಗೋಡೆಗೇ ತಿರುಗುತ್ತದೆ, ಹಾಗಾಗಿ ಅದು ಹೇಗೂ ಬೇಡ.

ಚಿತ್ರ ತೂಗುಹಾಕುವುದು ನೀವಂದುಕೊಂಡಷ್ಟು ಕಷ್ಟವಲ್ಲ. ಗೋಡೆಯ ಮೇಲ್ಭಾಗದಲ್ಲಿ, ತೇವ ತಲುಪದ ಎತ್ತರದಲ್ಲಿ, ಉದ್ದಕ್ಕೂ ಒಂದು ಪಟ್ಟಿ ಕೂರಿಸಿ, ಅದರಿಂದ ತಂತಿ ಇಳಿಬಿಡಿ. ಸ್ಕ್ರೂ ಇಟ್ಟಿಗೆಗೆ ಹೊಡೆಯದೆ ಎರಡು ಇಟ್ಟಿಗೆ ನಡುವಿನ ಗಾರೆಗೆ ಹೊಡೆಯಿರಿ. ಮುಂದೆ ತೆಗೆದರೆ ಒಂದು ಚಿಟಿಕೆ ಗಾರೆಯಲ್ಲಿ ಮುಚ್ಚಿಹೋಗುತ್ತದೆ. ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಇನ್ನೂ ಜಾಗ ಬೇಕಾದರೆ ತನ್ನ ಕಾಲ ಮೇಲೇ ನಿಲ್ಲುವ ಹಲಗೆ ಪರದೆಗಳು, ಗೋಡೆಯಿಂದ ಒಂದು ಮೊಳ ದೂರ. ಜಿಪ್ಸಮ್ ಬೋರ್ಡನ್ನು ತೇವದ ಗೋಡೆಗೆ ಅಂಟಿಸಿದರೆ ಹಿಂದೆ ಬೂಷ್ಟು ಬೆಳೆಸಲು ಗೂಡು ಕಟ್ಟಿಕೊಟ್ಟ ಹಾಗೆ.

ಕಿಟಕಿಗೆ ಇಟ್ಟಿಗೆ ತುಂಬಲು ಬಿಡಬೇಡಿ. ಬೆಳಕು ಜಾಸ್ತಿ ಆಗುತ್ತದೆ ಅನ್ನುವುದು ನಿಜ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ; ಜಲವರ್ಣಕ್ಕೆ, ಕಾಗದಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಒಳಗೆ ಅಂತ ಮ್ಯೂಸಿಯಂ ವಾಡಿಕೆ. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಆದರೆ ನಿಮಗೆ ಜಗಲಿ ಇದೆಯಲ್ಲ! ನೇರ ಬಿಸಿಲನ್ನು ತಡೆಯುವ ಕೆಲಸವನ್ನು ಕಟ್ಟಿದವರು ಅರ್ಧ ಮಾಡಿಟ್ಟಿದ್ದಾರೆ. ಉಳಿದದ್ದಕ್ಕೆ ಗಾಜಿಗೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಯುವಿ ಫಿಲ್ಮ್, ಒಳಗೆ ದಪ್ಪ ಖಾದಿ ಪರದೆ. ಜಲವರ್ಣಗಳಿಗೆ ಒಳಕೋಣೆ ಕೊಡಿ.

ಮಧ್ಯದ ಗೋಡೆ ಒಡೆಯುವ ಮಾತಿಗೆ ನನ್ನದು ಸೀದಾ ಬೇಡ. ಇಲ್ಲಿ ಕಾಂಕ್ರೀಟ್ ಕಂಬ ಇಲ್ಲ, ಗೋಡೆಯೇ ಕಂಬ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಹಳೆ ಕಟ್ಟಡದ ವಿಷಯದಲ್ಲಿ ಹುಡುಗಾಟ ಸಲ್ಲದು ಅಂತ ನಾನು ಹೇಳುವುದು ಅದಕ್ಕೇ. ಮಹಡಿಯ ಶಿಲ್ಪಗಳ ವಿಷಯವೂ ಹಾಗೇ. ಮನೆಯ ನೆಲ ಚದರ ಮೀಟರಿಗೆ 200 ಕೆಜಿ ಹೊತ್ತರೆ ಸಾಕು ಅನ್ನುವ ಲೆಕ್ಕ ಇದ್ದರೆ ಗ್ಯಾಲರಿಗೆ ಅದರ ಎರಡರಷ್ಟು ಬೇಕು. ರೆಕಾರ್ಡ್ ರೂಮು ಕಡತದ ಭಾರ ಹೊತ್ತಿತ್ತು ನಿಜ, ಅದು ಯಾವಾಗ, ಈಗ ತೊಲೆಗಳ ಗತಿ ಏನು? ಉದ್ಘಾಟನೆ ದಿನ ಶಾಸಕರ ಹಿಂದೆ ನೂರು ಜನ ಮಹಡಿ ಹತ್ತುತ್ತಾರೆ, ಅಲ್ವಾ? ಹಳೆ ಕಟ್ಟಡ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಡುವ ತನಕ ಶಿಲ್ಪ ಕೆಳಗೇ ಇರಲಿ. ನಾಲ್ಕು ಸಣ್ಣ ಕೋಣೆಗಳ ಸಾಲು ಒಂದು ದೊಡ್ಡ ಹಾಲ್‌ಗಿಂತ ಚಿತ್ರ ನೋಡಲು ಚೆನ್ನ ಅಂತ ನನ್ನ ಅಭಿಪ್ರಾಯ. ಡ್ರಾಯಿಂಗ್ ಮೇಷ್ಟ್ರಾಗಿ ನೀವು ಒಪ್ಪುತ್ತೀರಿ ಅಂದುಕೊಂಡಿದ್ದೇನೆ.

ಬೇರೆ ಕಡೆ ಏನು ಮಾಡಿದ್ದಾರೆ ಅಂದರೆ ಎರಡು ದಾರಿ ನೆನಪಾಗುತ್ತವೆ. ಮುಂಬಯಿಯ ಕಾವಸ್‌ಜಿ ಜಹಾಂಗೀರ್ ಹಾಲ್ 1911ರ ಸಾರ್ವಜನಿಕ ಸಭಾಂಗಣ. ಭಾಷಣ, ಸಂಗೀತ ಎಲ್ಲ ಕಂಡು ಆಮೇಲೆ ಸೊರಗಿತು. 1996ರಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಹೊರಗಿನ ಕಲ್ಲು ಹಾಗೇ ಉಳಿಯಿತು, ಒಳಗೆ ಹಲವು ಅಂತಸ್ತಿನ ಹೊಸ ಗ್ಯಾಲರಿ ಕೂರಿಸಿದರು. ಗ್ಯಾಲರಿಯಾಗಿ ಚೆನ್ನಾಗಿದೆ. ಆದರೆ ಒಳಗೆ ನಿಂತಾಗ ಜನ ಕೂತಿದ್ದ ಆ ಹಾಲ್ ಎಲ್ಲಿ ಅಂತ ನಾನು ಕತ್ತೆತ್ತಿ ಹುಡುಕಿದೆ, ಸಿಗಲಿಲ್ಲ. ಕಟ್ಟಡ ಉಳಿಯಿತು, ಕೋಣೆ ಹೋಯಿತು. ಇಂಥದ್ದಕ್ಕೆ ದುಡ್ಡೂ ಜಾಸ್ತಿ, ಪರಿಣತಿಯೂ ಜಾಸ್ತಿ ಬೇಕು. ತಾಲ್ಲೂಕು ಅನುದಾನಕ್ಕೆ ಆಗುವ ಮಾತಲ್ಲ.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು ಇನ್ನೊಂದು ದಾರಿ ಹಿಡಿಯಿತು. ಅದು ಮೂಲದಲ್ಲಿ ಮನೆ, ಕಚೇರಿಯಲ್ಲ. 2009ರಲ್ಲಿ ಗ್ಯಾಲರಿಯಾಗಿ ತೆರೆದಾಗ ಹಳೆ ಮಹಲಿನ ಜೊತೆಗೆ ಹಿಂದೆ ಹೊಸ ಕಟ್ಟಡವನ್ನೂ ಕಟ್ಟಿದ್ದರು. ಹೊಸ ಕಾಲದ ಅಗತ್ಯಗಳನ್ನೆಲ್ಲ ಹಳೆಯದರ ಹೊಟ್ಟೆಯೊಳಗೆ ತುರುಕಬೇಕಾಗಿಲ್ಲ ಅನ್ನುವುದಕ್ಕೆ ಇದನ್ನು ನೋಡಿ ಬನ್ನಿ. ನಿಮ್ಮಲ್ಲಿ ಹಿತ್ತಿಲು ಇದ್ದರೆ ಅಲ್ಲೊಂದು ಸಣ್ಣ, ಬೇರೆಯಾಗಿ ನಿಲ್ಲುವ ಕೊಠಡಿ ಸಾಕು. ಎಸಿ ಬೇಕಾದ ಸಂಗ್ರಹ, ಶೌಚಾಲಯ, ಪಂಪು ಅಲ್ಲಿರಲಿ. ಹಳೆ ಕಟ್ಟಡದೊಳಗೆ ಶೌಚಾಲಯ ಮಾತ್ರ ತರಬೇಡಿ. ಗೋಡೆಯೊಳಗೆ ಒಂದು ಪೈಪು ಸೋರಿದರೆ ಇಷ್ಟೆಲ್ಲ ಅಗೆದದ್ದು ನೀರಲ್ಲಿ ಹೋಮ. ಅಪಾಯ ಇದರಲ್ಲೂ ಇದೆ, ಹೊಸ ಕೊಠಡಿ ಚೆನ್ನಾಗಿದೆ ಅಂತ ಎಲ್ಲ ಅಲ್ಲಿಗೆ ಸರಿದು ಹಳೆಯದು ಮತ್ತೆ ಗೋಡೌನ್ ಆಗಬಹುದು. ಆಗಿರುವುದನ್ನು ಕಂಡಿದ್ದೇನೆ.

ಕೆಡವಿ ಅದೇ ಥರ ಹೊಸದು ಕಟ್ಟುತ್ತೇವೆ ಅನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಹಾಗಂತ ಬರೆದು ಕೊಡುತ್ತೀರಾ?

ಸದ್ಯಕ್ಕೆ ನಿಮ್ಮ ಕೈಯಲ್ಲಾಗುವುದು ಹೇಳುತ್ತೇನೆ. ಎಸ್ಟಿಮೇಟಿನ ಪೂರ್ತಿ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಬೇಡ. ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೊ ಸಮೇತ ಒಂದು ಪತ್ರ ಹಾಕಿ. ನಿಮ್ಮ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದಿದ್ದರೂ ಸಲಹೆ ಕೇಳಲು ಅಡ್ಡಿಯಿಲ್ಲ. ಹಳೆ ಕಟ್ಟಡ, ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಶಾಖೆಯನ್ನೂ ವಿಚಾರಿಸಿ. ಎಂಜಿನಿಯರ್ ಜೊತೆ ಜಗಳ ಬೇಡ. ಹಿಂದಿನ ಗೋಡೆಯಲ್ಲಿ ಒಂದು ಗಜ ಚೌಕ ಗಾರೆ, ಪಕ್ಕದಲ್ಲೇ ಒಂದು ಗಜ ಸಿಮೆಂಟು ಮಾಡಿಸಿ, ಒಂದು ಮಳೆಗಾಲ ನೋಡೋಣ ಅನ್ನಿ. ಒಳ್ಳೆ ಎಂಜಿನಿಯರ್ ಆದರೆ ಅವರಿಗೂ ಕುತೂಹಲ ಹುಟ್ಟುತ್ತದೆ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೇವದ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಬಿಗಿಯಾಗಿ ಅಂಟಿಸಿ. ಪುಡಿ ಉದುರುವ ಕಡೆ ಟೇಪು ಹಿಡಿಯುವುದಿಲ್ಲ, ಬ್ರಷ್‌ನಿಂದ ಮೊದಲು ಕೆಡವಿಕೊಳ್ಳಿ. ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆ ಕಡೆಗೆ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ನಿಮ್ಮ ಕಡೆಗೆ ಕಟ್ಟಿದ್ದರೆ ಗಾಳಿಯದ್ದು, ಬೀಗ ತೆಗೆದು ಕಿಟಕಿ ತೆರೆದಿಟ್ಟರೆ ಅರ್ಧ ವಾಸಿ. ಹಾಗೇ ಮೆಟ್ಟಿಲಿನ ಬದಿಯಲ್ಲಿ ಅನುಮತಿ ಪಡೆದು ಎರಡು ಅಡಿ ಅಗಲ ಅಗೆಸಿ. ನಾಲ್ಕನೆಯ ಮೆಟ್ಟಿಲು ಎಷ್ಟು ಆಳದಲ್ಲಿ ಸಿಕ್ಕಿತು, ಹನಿ ಯಾವ ಕಡೆ ಕಟ್ಟಿತ್ತು ಎರಡನ್ನೂ ಬರೆದು ಕಳಿಸಿ. ಚರಂಡಿಯ ಇಳಿಜಾರು ಎಷ್ಟಿರಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.